ಅಪ್ಪನ ಎತ್ತರ

"ಹಿಮ್ಮಡಿ ಗೋಡೆಗೆ ತಾಗ್ಲಿ. ಇನ್ನೂ ಸ್ವಲ್ಪ ಹಿಂದೆ. ಗದ್ದ ಎತ್ತಬೇಡಿ, ನೇರ ನೋಡಿ," ಎಂದರು ಡಾಕ್ಟರಮ್ಮ.

ಬಡಗಿ ನೇರ ನೋಡಿದ. ಬೂಟು ಬಿಚ್ಚಬೇಕಾಗುತ್ತದೆ ಎಂದು ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ತೂತಿಲ್ಲದ ಕಾಲುಚೀಲ ಹಾಕಿಕೊಂಡು ಬರುತ್ತಿದ್ದ. ಈಗ ಎಡಗಾಲಿನ ಹೆಬ್ಬೆರಳು ಹೊರಗೆ ಇಣುಕಿ ಇಡೀ ಕೋಣೆಯ ಯೋಗಕ್ಷೇಮ ವಿಚಾರಿಸುತ್ತಿತ್ತು. ಅದನ್ನು ಇನ್ನೊಂದು ಪಾದದ ಕೆಳಗೆ ಬಚ್ಚಿಡೋಣವೆಂದರೆ ಅಲ್ಲಾಡಬಾರದು ಎಂಬ ಅಪ್ಪಣೆಯಾಗಿಬಿಟ್ಟಿತ್ತು.

ಗೋಡೆಗೆ ಹೊಡೆದ ಅಳತೆಪಟ್ಟಿಯ ಮೇಲೆ ಜಾರುವ ಹಲಗೆಯೊಂದಿತ್ತು. ಅದನ್ನು ಅವನ ನೆತ್ತಿಯ ಮೇಲಕ್ಕೆ ತರಲು ಡಾಕ್ಟರಮ್ಮನ ಕೈ ಎಟುಕಲಿಲ್ಲ. ತುದಿಗಾಲಲ್ಲಿ ನಿಂತರು, ಆಗಲಿಲ್ಲ. ಕೊನೆಗೆ ಸ್ಟೂಲ್ ಎಳೆದುಕೊಂಡು ಹತ್ತಿದರು. "ಏನ್ರೀ ಇದು! ನಿಮ್ಮಂಥೋರು ಇನ್ನಿಬ್ಬರು ಬಂದ್ರೆ ನಾನು ಏಣಿ ತರಿಸ್ಬೇಕಾಗುತ್ತೆ."

"ಏಣಿ ನನ್ನ ಗಾಡೀಲೇ ಇದೆ ಮೇಡಂ, ತರ್ಲಾ?"

ಬಾಗಿಲಿಗೆ ಒರಗಿ ನಿಂತಿದ್ದ ಕೋಚ್ ಗಟ್ಟಿಯಾಗಿ ನಕ್ಕರು. ಹಲಗೆ ನೆತ್ತಿಗೆ ತಾಗಿತು. ಡಾಕ್ಟರಮ್ಮ ಅಳತೆ ಓದಿ ಹೇಳಿದಾಗ ಕೋಚ್ ಸಣ್ಣಗೆ ಸಿಳ್ಳೆ ಹೊಡೆದರು. ಆರಡಿ ದಾಟಿ ಇನ್ನೂ ಒಂದು ಗೇಣಿನ ಹತ್ತಿರಕ್ಕೆ ಹೋಗಿದ್ದ ಆಸಾಮಿ ಅವನು.

"ಗೋಲ್ ಕಾಯೋದು ನಾನಲ್ವಲ್ಲ ಮೇಡಂ, ನನ್ನನ್ಯಾಕೆ ಅಳೀತೀರ?"

"ಮಗನ ಮಣಿಕಟ್ಟಿನ ಎಕ್ಸ್‌ರೇ ನೋಡಿದೀವಿ. ಮೂಳೆ ಇನ್ನೂ ಬಲಿತಿಲ್ಲ, ಬೆಳೆಯೋಕೆ ಟೈಮಿದೆ. ಎಷ್ಟು ಬೆಳೀತಾನೆ ಅನ್ನೋದಕ್ಕೆ ಅಪ್ಪ ಅಮ್ಮನ ಎತ್ತರ ಸೇರಿಸಿ ಲೆಕ್ಕ ಹಾಕ್ತೀವಿ. ಮನೆಯವರು ಎಷ್ಟು ಎತ್ತರ?"

"ನನ್ನ ಭುಜದ ತನಕ ಬರ್ತಾಳೆ. ಮಾತಲ್ಲಾದ್ರೆ ನನಗಿಂತ ಒಂದು ಮೊಳ ಮೇಲೆ."

ಡಾಕ್ಟರಮ್ಮ ನಗುತ್ತ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. "ಲೆಕ್ಕ ಎಲ್ಲ ಸುಮ್ನೆ ಬಿಡಿ. ಆ ಹುಡುಗನ ನಡಿಗೆ ನೋಡಿದ್ರೇ ಸಾಕು, ಥೇಟ್ ನೀವೇ."

ಬಡಗಿಗೆ ಹಿಗ್ಗೋ ಹಿಗ್ಗು. ಎದೆ ಸೆಟೆದು ನಿಂತ. ಆ ಕ್ಷಣ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ಇದನ್ನು ಗಟ್ಟಿಯಾಗಿ ಹೇಳಲೇಬೇಕು, ಯಾಕೆಂದರೆ ಆಮೇಲಾದದ್ದಕ್ಕೆಲ್ಲ ಅವನನ್ನು ಬೈಯಬಹುದು, ಆ ಕ್ಷಣಕ್ಕೆ ಮಾತ್ರ ಬೈಯುವಂತಿಲ್ಲ. ಮಗ ಅಲ್ಲೇ ಬೆಂಚಿನ ಮೇಲೆ ಕುಳಿತು ತಲೆ ತಗ್ಗಿಸಿ ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಪಾಪ, ಅಪ್ಪನ ತೂತು ಕಾಲುಚೀಲ ನೋಡಿ ನಾಚಿಕೆಪಡುತ್ತಿದ್ದಾನೆ ಎಂದುಕೊಂಡ ಬಡಗಿ.

ಅದು ಒಂದು ಫುಟ್‌ಬಾಲ್ ಕ್ಲಬ್ಬಿನ ಅಕಾಡೆಮಿ. ಮೀಸೆ ಚಿಗುರುವ ಮೊದಲೇ ಹುಡುಗರನ್ನು ಆರಿಸಿ ತಂದು, ಹಾಸ್ಟೆಲಿನಲ್ಲಿಟ್ಟು, ಬೆಳಿಗ್ಗೆ ಶಾಲೆ ಸಂಜೆ ಮೈದಾನ ಎಂದು ದುಡಿಸುತ್ತಿದ್ದರು. ಮೀಸೆ ಚಿಗುರಿದ ಮೇಲೆ ಕೆಲವರಿಗೆ ಕರಾರು ಬರೆದುಕೊಟ್ಟು ವೃತ್ತಿಯ ದಾರಿಗೆ ಹಚ್ಚುತ್ತಿದ್ದರು, ಉಳಿದವರ ಕೈಕುಲುಕಿ ಮನೆಗೆ ಕಳಿಸುತ್ತಿದ್ದರು. ಈ ಸಲದ ತಂಡದಲ್ಲಿ ಗೋಲ್‌ಕೀಪರುಗಳು ಇಬ್ಬರು. ಬಡಗಿಯ ಮಗ ಗುಬ್ಬಿ. ಇನ್ನೊಬ್ಬ ಅಂಟು, ಚೆಂಡು ಅವನ ಕೈಗೆ ಅಂಟಿಕೊಂಡುಬಿಡುತ್ತದೆ ಎಂದು ಹಾಸ್ಟೆಲಿನವರು ಇಟ್ಟ ಹೆಸರು. ಇಬ್ಬರೂ ಕುಳ್ಳರು, ಇಬ್ಬರಿಗೂ ಒಂದೇ ಕೋಣೆ. ಒಬ್ಬ ಗೋಲಿನಲ್ಲಿ ನಿಂತರೆ ಇನ್ನೊಬ್ಬ ಚೆಂಡೊದೆಯಬೇಕು, ಹಾಗಾಗಿ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಮೇಲಿನ ತಂಡದಲ್ಲಿ ಖಾಲಿ ಇದ್ದ ಜಾಗ ಮಾತ್ರ ಒಂದೇ.

ಸಂಜೆ ಮನೆಗೆ ಬಂದು ಬಡಗಿ ಈ ಕಥೆಯನ್ನೆಲ್ಲ ಹೆಂಡತಿಗೆ ಉಪ್ಪುಖಾರ ಹಚ್ಚಿ ಹೇಳಿದ. ಸ್ಟೂಲ್ ಹತ್ತಿದ್ದು, ಏಣಿಯ ಮಾತು, ಹೆಬ್ಬೆರಳು, ಯಾವುದನ್ನೂ ಬಿಡಲಿಲ್ಲ. ಅವಳು ಶಾಲೆಯ ವ್ಯಾನ್ ಓಡಿಸುವವಳು. ದಿನವಿಡೀ ಮಕ್ಕಳ ಕಿರುಚಾಟ ಕೇಳಿ ತಲೆ ಚಿಟ್ಟು ಹಿಡಿದಿದ್ದರೂ ಬಟಾಟೆ ಸಿಪ್ಪೆ ತೆಗೆಯುತ್ತ ನಗುತ್ತಿದ್ದಳು.

"ಅದ್ಸರಿ, ನಿಮ್ಮನ್ಯಾಕೆ ಅಳೆದ್ರು?"

"ಗುಬ್ಬಿ ಎಷ್ಟು ಬೆಳೀತಾನೆ ಅಂತ ಲೆಕ್ಕ ಹಾಕೋಕಂತೆ ಕಣೇ. ಅಪ್ಪನ ಎತ್ತರ, ಅಮ್ಮನ ಎತ್ತರ. ನಿನ್ನದೂ ಹೇಳಿ ಬಂದೆ."

ಅವಳ ಕೈಯ ಚಾಕು ನಿಂತಿತು. ಗಂಡನ ಮುಖವನ್ನೇ ನೋಡಿದಳು. ಅವನಿಗೆ ಇನ್ನೂ ಹೊಳೆದಿರಲಿಲ್ಲ, ಮುಖದ ತುಂಬ ಹಲ್ಲು ಬಿಟ್ಟುಕೊಂಡೇ ಕುಳಿತಿದ್ದ.

"ರೀ," ಎಂದಳು ಮೆಲ್ಲಗೆ. "ಅವನಿಗೆ ನಿಮ್ಮ ಎತ್ತರ ಎಲ್ಲಿಂದ ಬರುತ್ತೆ?"

ಆಗ ಹೊಳೆಯಿತು.

ಗುಬ್ಬಿ ಅವರ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಇನ್ನೂ ಹಲ್ಲು ಬಾರದ ಕೂಸಾಗಿದ್ದಾಗ ಅನಾಥ ಮಕ್ಕಳ ಮನೆಯಿಂದ ತಂದದ್ದು. ಹೆತ್ತವರು ಯಾರು, ಏನು, ಉದ್ದವೋ ಗಿಡ್ಡವೋ, ಅಲ್ಲಿಯವರಿಗೂ ಗೊತ್ತಿರಲಿಲ್ಲ. ಅವನು ಶಾಲೆಗೆ ಸೇರಿದ ಮೇಲೆ ಇಬ್ಬರೂ ಕೂರಿಸಿಕೊಂಡು, ನಾಲಿಗೆ ಒಣಗಿಸಿಕೊಂಡು, ವಿಷಯ ಹೇಳಿದ್ದರು. ಅವನು ಎಲ್ಲ ಕೇಳಿಸಿಕೊಂಡು, "ಸರಿ, ಈಗ ಆಡೋಕೆ ಹೋಗ್ಲಾ?" ಎಂದು ಕೇಳಿ ಚೆಂಡು ಎತ್ತಿಕೊಂಡು ಓಡಿದ್ದ. ಆಮೇಲೆ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ಮುಚ್ಚಿಟ್ಟರೆಂದಲ್ಲ. ಬೇಕಾಗಲೇ ಇಲ್ಲ, ಅಷ್ಟೆ.

"ಅಯ್ಯೋ ದೇವರೇ, ಮರ್ತೇಹೋಗಿತ್ತು ಕಣೇ," ಎಂದ ಬಡಗಿ.

ಅವಳು ಪಕ್ಕನೆ ನಕ್ಕುಬಿಟ್ಟಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಮರೆಯೋಕೆ ನಿಮಗೊಬ್ಬರಿಗೇ ಸಾಧ್ಯ," ಎಂದಳು. ಆಮೇಲೆ ಗಂಭೀರವಾದಳು. "ನಾಳೆನೇ ಫೋನ್ ಮಾಡಿ ಹೇಳಿಬಿಡಿ. ಆ ಇನ್ನೊಂದು ಹುಡುಗನೂ ಇದಾನಲ್ಲ. ಯಾರ ಮಗನಿಗೂ ನಮ್ಮಿಂದ ಮೋಸ ಆಗಬಾರದು."

"ಹೇಳ್ತೀನಿ."

"ಕಿವಿ ಮುಟ್ಕೋಬೇಡಿ!"

ಅವನ ಬಲಗೈ ಕಿವಿಯ ಹಿಂದೆ ಹೋಗಿತ್ತು. ಕೆಲಸದ ಹೊತ್ತಿನಲ್ಲಿ ಪೆನ್ಸಿಲ್ ಅಲ್ಲಿರುತ್ತದೆ. ಕೆಲಸವಿಲ್ಲದಾಗ, ಪೆನ್ಸಿಲೂ ಇಲ್ಲದಾಗ, ಕೈ ಅಲ್ಲಿಗೆ ಹೋಯಿತೆಂದರೆ ಬಡಗಿ ಏನೋ ನುಂಗುತ್ತಿದ್ದಾನೆ ಎಂದೇ ಅರ್ಥ. ತನ್ನನ್ನು ಕೇಳದೆ ಗಾಡಿ ಕೊಂಡದ್ದನ್ನೂ, ಬಿಟ್ಟೆ ಬಿಟ್ಟೆ ಎನ್ನುತ್ತಲೇ ಸಿಗರೇಟು ಸೇದುತ್ತಿದ್ದದ್ದನ್ನೂ ಅವಳು ಹಿಡಿದದ್ದು ಆ ಕಿವಿಯಿಂದಲೇ.

"ಇಲ್ಲ ಮಾರಾಯ್ತಿ, ನಿಜವಾಗ್ಲೂ ಹೇಳ್ತೀನಿ," ಎಂದು ಅವನು ಕೈ ಇಳಿಸಿದ.

ಮರುದಿನ ಫೋನ್ ಕೈಗೆತ್ತಿಕೊಂಡ. ಅಷ್ಟರಲ್ಲಿ ಹೊಸ ಆಸ್ಪತ್ರೆಯ ಬಾಗಿಲು ಕೂರಿಸುವ ಕೆಲಸದವರು ಕೂಗಿದರು. ಊಟದ ಹೊತ್ತಿಗೆ ಮತ್ತೆ ಎತ್ತಿಕೊಂಡ, ಈಗ ಅವರೂ ಊಟ ಮಾಡುತ್ತಿರುತ್ತಾರೆ ಎಂದು ಇಟ್ಟ. ಸಂಜೆ ಎತ್ತಿಕೊಂಡಾಗ, ಇಂಥ ಮಾತು ಫೋನಿನಲ್ಲಿ ಹೇಳುವಂಥದ್ದಲ್ಲ, ಎದುರಿಗೇ ಹೋಗಿ ಹೇಳಬೇಕು ಎನ್ನಿಸಿತು. ಎದುರಿಗೆ ಹೋಗಲು ಬಿಡುವಾಗಲಿಲ್ಲ. ನೆವಗಳಿಗೇನು ಬರ. ಚೌಕಟ್ಟು ಒಂದು ನೂಲು ಓರೆಯಾದರೂ ತನ್ನ ಕೈಯಿಂದ ಮರ ಹಾಕಿ ಹೊಸದು ಮಾಡಿಕೊಡುವ ಮನುಷ್ಯ, ಈ ಒಂದು ಅಳತೆಯನ್ನು ಮಾತ್ರ ನಾಳೆ ನಾಳೆ ಎಂದು ತಳ್ಳುತ್ತ ಹೋದ.

ತನಗೆ ತಾನೇ ಏನೇನೋ ಹೇಳಿಕೊಂಡ. ಅವರು ಅದನ್ನು ಅಷ್ಟೇನೂ ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ ಬಿಡು. ಅವನ ಹೆತ್ತಪ್ಪ ನನಗಿಂತ ಉದ್ದ ಇದ್ದಿದ್ದರೆ? ಯಾರು ಕಂಡಿದ್ದಾರೆ? ಮತ್ತೆ, ನನ್ನ ಮಗ ನನ್ನ ಮಗನಲ್ಲ ಎಂದು ಹೊರಗಿನವರ ಮುಂದೆ ನನ್ನ ಬಾಯಿಂದಲೇ ಹೇಳಬೇಕೇನು? ಈ ಕೊನೆಯದು ನಿಜವಾಗಿಯೂ ನೋಯುವ ಮಾತು, ಅದಕ್ಕೇ ಅವನು ಅದನ್ನು ಮತ್ತೆ ಮತ್ತೆ ಮುಂದೆ ಮಾಡುತ್ತಿದ್ದ. ಆದರೆ ಅದರ ಹಿಂದೆ ಇನ್ನೊಂದು ನಿಜ ಮುದುರಿ ಕುಳಿತಿತ್ತು. ಗುಬ್ಬಿ ಗೆಲ್ಲಲಿ ಎಂದು ಅವನಿಗೆ ಆಸೆ. ಹೇಗಾದರೂ ಗೆಲ್ಲಲಿ ಎಂದು ಆಸೆ. ಹೆಂಡತಿ ಕೇಳಿದಾಗಲೆಲ್ಲ, "ತೀರ್ಮಾನ ಹೇಳೋ ದಿನ ಹೋಗ್ತೀನಲ್ಲ, ಆವಾಗ ಕೋಚ್ ಮುಂದೇನೇ ಹೇಳ್ತೀನಿ," ಎನ್ನುತ್ತಿದ್ದ. ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಹೇಳುತ್ತಿದ್ದ.

ತೀರ್ಮಾನದ ದಿನ ಅವಳಿಗೆ ವ್ಯಾನ್ ಬಿಟ್ಟು ಬರಲಾಗಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದು, "ಮೊದಲು ನೀವು ಹೇಳಿ, ಆಮೇಲೆ ಅವರು ಹೇಳಲಿ," ಎಂದಳು.

ಕೋಚ್ ಕೋಣೆಯಲ್ಲಿ ಮೇಜಿನ ಈಚೆ ಅಪ್ಪ ಮಗ ಪಕ್ಕಪಕ್ಕ ಕುಳಿತರು. ಮೂಲೆಯಲ್ಲಿ ಗಾಳಿ ಇಳಿದ ಚೆಂಡುಗಳ ಬಲೆಚೀಲ ಬಿದ್ದಿತ್ತು. ಸಾರ್, ಒಂದು ಮಾತು ಎಂದು ಶುರುಮಾಡಬೇಕು. ಗಾಡಿಯಲ್ಲಿ ಬರುತ್ತ ಅದನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಆದರೆ ಕೋಚ್ ಸುತ್ತಿಬಳಸುವ ಮನುಷ್ಯನಲ್ಲ, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟರು.

"ಗುಬ್ಬಿ, ನಿನ್ನನ್ನ ಇಟ್ಕೊಳ್ತಾ ಇದೀವಿ."

ಹುಡುಗ ಉಸಿರು ಎಳೆದುಕೊಂಡದ್ದು ಇಡೀ ಕೋಣೆಗೆ ಕೇಳಿಸಿತು.

"ನಿಮ್ಮ ಹತ್ರ ಮುಚ್ಚುಮರೆ ಯಾಕೆ," ಎಂದು ಕೋಚ್ ಬಡಗಿಯ ಕಡೆ ತಿರುಗಿದರು. "ಬರೀ ಕೈ ನೋಡಿದ್ರೆ ಅಂಟುದೇ ಒಂದು ಗುಲಗಂಜಿ ಮೇಲು. ಇದು ಗುಬ್ಬಿಗೂ ಗೊತ್ತು. ಆದ್ರೆ ದೊಡ್ಡೋರ ಆಟದಲ್ಲಿ ಚೆಂಡು ತಲೆ ಮೇಲಿಂದ ಬರುತ್ತೆ, ಎಟುಕಲಿಲ್ಲ ಅಂದ್ರೆ ಎಂಥಾ ಕೈ ಇದ್ದು ಏನು ಬಂತು? ಅಂಟು ಅಪ್ಪ ಅಮ್ಮ ಇಬ್ರೂ ಗಿಡ್ಡ, ಅವನು ಇನ್ನು ಜಾಸ್ತಿ ಏಳಲ್ಲ. ಇವನು ಏಳ್ತಾನೆ. ನೋಡೋಕೆ ನೀವೇ ಕಣ್ಣೆದುರಿಗೆ ಇದೀರಲ್ಲ."

ಈಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಬಡಗಿ ಮಗನ ಕಡೆ ನೋಡಿದ. ಗುಬ್ಬಿ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಕಿವಿಗಳು ಕೆಂಪಗಾಗಿದ್ದವು.

"ಏನಾದ್ರೂ ಕೇಳೋದಿದ್ಯಾ?" ಎಂದರು ಕೋಚ್.

ಬಡಗಿಯ ಕೈ ಕಿವಿಯ ಹಿಂದಕ್ಕೆ ಹೋಯಿತು. "ಏನಿಲ್ಲ ಸಾರ್. ತುಂಬಾ ಉಪಕಾರ ಆಯ್ತು," ಎಂದ.

ಹೊರಗೆ ಬೆಂಚಿನ ಮೇಲೆ ಅಂಟುವೂ ಅವನ ತಾಯಿಯೂ ಕಾಯುತ್ತಿದ್ದರು. ಗುಬ್ಬಿಯ ಮುಖ ನೋಡಿದ್ದೇ ಅಂಟುಗೆ ಅರ್ಥವಾಗಿಹೋಯಿತು. ಎದ್ದು ಬಂದು ಗೆಳೆಯನನ್ನು ಗಟ್ಟಿಯಾಗಿ ತಬ್ಬಿಕೊಂಡು, ಬೆನ್ನಿಗೊಂದು ಗುದ್ದಿ, ಒಳಗೆ ಹೋದ. ಹಿಂದೆಯೇ ತಾಯಿ ಹೋದಳು. ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸು, ಮಗನ ಭುಜದಷ್ಟೂ ಇರಲಿಲ್ಲ. ಅವರು ಹೊರಗೆ ಬರಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ಹಾಸ್ಟೆಲಿನಿಂದ ಅಂಟುವಿನ ಟ್ರಂಕು, ಹಾಸಿಗೆ ಎಲ್ಲ ಇಳಿದವು. ಇವನ್ನೆಲ್ಲ ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ಹೋಗುವುದು ಹೇಗೆ ಎಂದು ತಾಯಿ ಮಗ ನೋಡುತ್ತ ನಿಂತಿದ್ದಾಗ ಬಡಗಿಯೇ ಮುಂದೆ ಬಂದ. "ನಮ್ಮ ಗಾಡಿ ಇದೆಯಲ್ಲಮ್ಮ, ಹತ್ತಿ," ಎಂದ. ಉಪಕಾರ ಮಾಡಿದರೆ ಹೊಟ್ಟೆಯಲ್ಲಿನ ಸಂಕಟ ಒಂದಿಷ್ಟು ಇಳಿದೀತು ಎಂದುಕೊಂಡಿದ್ದ. ಅದು ಅವನ ಎರಡನೆಯ ತಪ್ಪು.

ಹುಡುಗರು ಹಿಂದೆ ಕಿಟಕಿ ಚೌಕಟ್ಟುಗಳ ನಡುವೆ ಟ್ರಂಕಿನ ಮೇಲೆ ಕುಳಿತರು. ತಾಯಿ ಮುಂದೆ ಬಡಗಿಯ ಪಕ್ಕ ಕುಳಿತಳು. ಅವಳ ಕಾಲು ಗಾಡಿಯ ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

"ನಿಮ್ಮ ಹುಡುಗನಿಗೆ ಸಿಕ್ತಲ್ಲ, ಸಂತೋಷ ಅಣ್ಣಾ," ಎಂದಳು. "ಒಳ್ಳೆ ಹುಡುಗ. ನಮ್ಮನೇಗೆ ಬಂದಾಗ ತಿಂದ ತಟ್ಟೆ ತಾನೇ ತೊಳೆದಿಡ್ತಾನೆ."

"ಹೂಂ."

"ನನ್ನ ಮಗನ ತಲೆ ಮೇಲೆ ಕಲ್ಲು ಹಾಕಿದೋಳು ನಾನೇ." ಅವಳು ಅಳುತ್ತಿರಲಿಲ್ಲ, ಲೋಕದ ಮಾತು ಆಡುವ ಹಾಗೆ ಹೇಳುತ್ತಿದ್ದಳು. "ನಾನೂ ಕುಳ್ಳಿ, ನಮ್ಮವರೂ ಕುಳ್ಳ. ಮದುವೆ ಫೋಟೋ ತೆಗೆಯುವಾಗ ಇಬ್ರನ್ನೂ ಮಣೆ ಮೇಲೆ ನಿಲ್ಲಿಸಿದ್ರು. ಇವತ್ತಿಗೂ ಅದನ್ನ ನೋಡಿ ನಗ್ತೀವಿ. ಆ ನಗು ಈ ಕೂಸಿಗೆ ಹಿಂಗೆ ಬಂದು ಹೊಡೆಯುತ್ತೆ ಅಂತ ಯಾರಿಗೆ ಗೊತ್ತಿತ್ತು ಹೇಳಿ? ಆಗ್ಲೇ ಹೊರಗೆ ಬಂದ ಮೇಲೆ, ನನ್ನಿಂದ ಹಿಂಗಾಯ್ತು ಮಗಾ, ತಪ್ಪಾಯ್ತು ಅಂದೆ. ಹೋಗಮ್ಮ ಹುಚ್ಚಿ, ಅಂದ."

ಬಡಗಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಈ ಹೆಂಗಸು ತನ್ನ ಮೈಯನ್ನೇ ಶಪಿಸಿಕೊಳ್ಳುತ್ತಿದ್ದಾಳೆ, ಮಾಡದ ತಪ್ಪಿಗೆ ಮಗನ ಹತ್ತಿರ ಕ್ಷಮೆ ಕೇಳಿದ್ದಾಳೆ. ತಪ್ಪು ಮಾಡಿದವನು ಪಕ್ಕದಲ್ಲೇ ಕುಳಿತು ಗೇರು ಬದಲಾಯಿಸುತ್ತಿದ್ದಾನೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದರೆ ಅವಳ ಮೇಲಿನ ಕಲ್ಲು ಇಳಿಯುತ್ತಿತ್ತು.

"ನಿಮ್ಮ ತಪ್ಪೇನಿಲ್ಲಮ್ಮ," ಎಂದ. ತನ್ನ ದನಿಯ ಗುರುತು ಅವನಿಗೇ ಸಿಗಲಿಲ್ಲ.

"ಎಲ್ರೂ ಹಂಗೇ ಅಂತಾರೆ ಅಣ್ಣಾ," ಎಂದು ಅವಳು ಕಿಟಕಿಯಾಚೆ ನೋಡಿದಳು.

ನಿಲ್ದಾಣದಲ್ಲಿ ಬಸ್ಸು ಆಗಲೇ ಬಂದು ನಿಂತಿತ್ತು. ಟ್ರಂಕನ್ನು ಬಡಗಿ ಒಬ್ಬನೇ ಎತ್ತಿ ಬಸ್ಸಿನ ಮೇಲಕ್ಕೇರಿಸಿದ. ಕಂಡಕ್ಟರ್, "ಏನ್ ಸಾರ್, ನಿಮಗೆ ಏಣಿನೇ ಬೇಡ್ವಲ್ಲ," ಎಂದ. ಅದಕ್ಕೂ ಅವನ ಮುಖ ಸಣ್ಣಗಾಯಿತು.

"ಅಂಕಲ್, ಬನ್ನಿ ಇಲ್ಲಿ. ಕೊನೇ ಸಲ ನೀವೇ ತೀರ್ಪು ಹೇಳಿ," ಎಂದು ಅಂಟು ಕರೆದ. ಹುಡುಗರಿಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದರು. ಹಾಸ್ಟೆಲಿನಲ್ಲಿ ಇದು ಅವರ ನಿತ್ಯದ ಜಗಳ, ಯಾರು ಎತ್ತರ ಎಂದು. ತಲೆಯ ಮೇಲೆ ಪುಸ್ತಕ ಇಟ್ಟು, ಹಲಗೆ ಇಟ್ಟು, ಅಡುಗೆಯವನನ್ನೂ ಕಾವಲುಗಾರನನ್ನೂ ಪಂಚಾಯಿತಿಗೆ ಕರೆದು ಪೀಡಿಸುತ್ತಿದ್ದರು.

"ಅಂಟು, ಬೇಡ ಕಣೋ," ಎಂದ ಗುಬ್ಬಿ.

"ಸುಮ್ನೆ ನಿಂತ್ಕೊಳೋ. ಅಂಕಲ್ ಬಡಗಿ, ಅವರ ಕಣ್ಣು ಸುಳ್ಳು ಹೇಳಲ್ಲ."

ಬಡಗಿ ಹತ್ತಿರ ಹೋಗಿ ಇಬ್ಬರ ತಲೆಯ ಮೇಲೂ ಅಂಗೈಯನ್ನು ಅಡ್ಡ ಇಟ್ಟ. ಕೈ ಗುಬ್ಬಿಯ ಕಡೆಗೆ ವಾಲಿತು. ಬಾಗಿಲು ಕೂರಿಸುವವನ ಕೈ, ಅದಕ್ಕೆ ಮೋಸ ಮಾಡಲು ಬರುವುದಿಲ್ಲ.

"ನೀನೇ ಕಣಪ್ಪ," ಎಂದ ಅಂಟುಗೆ. "ಒಂದು ಬೆರಳು ನೀನೇ ಎತ್ತರ."

"ನೋಡಿದ್ಯೇನೋ ಗುಬ್ಬಿ! ಸೋತೆ ನೀನು!" ಎಂದು ಅಂಟು ಕುಣಿದ. ಕುಣಿಯುತ್ತಿದ್ದವನ ಕೆಳತುಟಿ ಇದ್ದಕ್ಕಿದ್ದಂತೆ ಅದುರಿತು. ಮುಖ ತಿರುಗಿಸಿಕೊಂಡು ಬಸ್ಸು ಹತ್ತಿ, ಆಚೆ ಬದಿಯ ಕಿಟಕಿಯಲ್ಲಿ ಕುಳಿತ. ಕೈ ಬೀಸಿದ್ದು ತಾಯಿ ಒಬ್ಬಳೇ.

ಮರಳುವಾಗ ಗುಬ್ಬಿ ಮುಂದೆ ಕುಳಿತ. ಶನಿವಾರ ಭಾನುವಾರ ಅವನು ಮನೆಯಲ್ಲಿರುವ ದಿನ. ಹಿಂದೆ ಚೌಕಟ್ಟುಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ದೊಡ್ಡ ಚೌಕದಲ್ಲಿ ಕೆಂಪು ದೀಪ ಬಿತ್ತು. ನೇರ ಹೋದರೆ ಮನೆ, ಬಲಕ್ಕೆ ತಿರುಗಿದರೆ ಅಕಾಡೆಮಿ. ಬಡಗಿ ಬಲಗಡೆಯ ಇಂಡಿಕೇಟರ್ ಹಾಕಿದ. ಟಿಕ್ ಟಿಕ್ ಎಂದು ಅದು ಬಡಿದುಕೊಳ್ಳತೊಡಗಿತು.

"ಎಲ್ಲಿಗಪ್ಪಾ?"

"ಕೋಚ್ ಹತ್ರ. ಒಂದು ಮಾತು ಹೇಳೋದು ಉಳಿದಿದೆ."

ಗುಬ್ಬಿ ಇಂಡಿಕೇಟರನ್ನೇ ನೋಡಿದ. "ನಿನ್ನನ್ನ ಅಳೆದ ವಿಷಯಾನಾ?" ಎಂದ.

ಬಡಗಿ ತಿರುಗಿ ನೋಡಿದ.

"ಅವತ್ತು ನಾನು ಅಲ್ಲೇ ಇದ್ನಲ್ಲಪ್ಪ. ಲೇಸ್ ಕಟ್ತಾ ಕೂತಿದ್ದೆ. ನೀನು ಈಗ ಹೇಳ್ತೀಯ, ಈಗ ಹೇಳ್ತೀಯ ಅಂತ ಕಾದೆ. ನೀನು ನಗ್ತಾ ಇದ್ದೆ."

"ಮರ್ತೇಬಿಟ್ಟಿದ್ದೆ ಮಗಾ."

"ಏನನ್ನ?"

"ನೀನು ನನಗೆ ಹುಟ್ಟಿದೋನಲ್ಲ ಅನ್ನೋದನ್ನ."

ಹುಡುಗ ಅಪ್ಪನ ಮುಖವನ್ನು ಹುಡುಕಿ ನೋಡಿದ. "ನಿಜವಾಗ್ಲೂ ಮರ್ತಿದ್ಯಾ?"

"ಆ ಹೊತ್ತಿಗೆ ನಿಜವಾಗ್ಲೂ ಮರ್ತಿದ್ದೆ. ನಿನ್ನಾಣೆ."

ಗುಬ್ಬಿಯ ಮುಖದಲ್ಲಿ ಏನೋ ಅರಳಿತು. ಚಿಕ್ಕವನಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡರೆ ಹಾಗೆ ಅರಳುತ್ತಿತ್ತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಇವತ್ತು ಕೋಚ್ ರೂಮಲ್ಲಿ?"

"ಇವತ್ತು ಮರ್ತಿರಲಿಲ್ಲ," ಎಂದ ಬಡಗಿ.

"ನಾನೂ ಮರ್ತಿರಲಿಲ್ಲ."

ಇಂಡಿಕೇಟರ್ ಬಡಿದುಕೊಳ್ಳುತ್ತಲೇ ಇತ್ತು. ಗುಬ್ಬಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಅಂಟು ನನಗಿಂತ ಚೆನ್ನಾಗಿ ಆಡ್ತಾನೆ ಅಪ್ಪಾ. ಎಲ್ರಿಗೂ ಗೊತ್ತು. ಅವನೇ ನನಗೆ ಎಡಗಡೆ ಬೀಳೋದು ಹೇಳಿಕೊಟ್ಟಿದ್ದು. ಇಲ್ಲಾಂದ್ರೆ ನಾನು ಹೋದ ವರ್ಷನೇ ಮನೆಗೆ ಬಂದಿರ್ತಿದ್ದೆ."

"ಅದಕ್ಕೇ ಮಗಾ, ಹೋಗಿ ಹೇಳಿಬಿಡೋಣ. ಇನ್ನೂ ಹೊತ್ತು ಮೀರಿಲ್ಲ. ಅವರು ಮೊದಲಿಂದ ನೋಡ್ತಾರೆ."

"ನೋಡಿದ್ರೆ ನನ್ನನ್ನ ಬಿಡ್ತಾರೆ."

ಹುಡುಗ ಹೇಳಿದ್ದು ನಿಜವೇ ಆಗಿತ್ತು.

"ತಿರುಗಿಸ್ಬೇಡ ಅಪ್ಪಾ," ಎಂದ ಗುಬ್ಬಿ. ಅವನ ದನಿ ಒಡೆದು ದೊಡ್ಡದಾಗಿದ್ದು ಈಚೆಗೆ. ಈಗ ಮತ್ತೆ ಚಿಕ್ಕ ಮಕ್ಕಳದಾಗಿತ್ತು. "ನನಗೆ ಅದು ಬೇಕು. ತಪ್ಪು ಅಂತ ಗೊತ್ತು. ಆದ್ರೂ ಬೇಕು."

ಹಸಿರು ದೀಪ ಬಿತ್ತು. ಹಿಂದಿನ ಗಾಡಿಯವನು ಹಾರ್ನ್ ಒತ್ತಿ ಹಿಡಿದ. ಬಡಗಿಯ ಕೈ ಸ್ಟೀರಿಂಗಿನ ಮೇಲೆ ಮರಗಟ್ಟಿತ್ತು. ಆಗ ಗುಬ್ಬಿ ಕೈ ಚಾಚಿ, ಅಪ್ಪನ ತೋಳಿನ ಕೆಳಗಿನಿಂದ ತೂರಿಸಿ, ಇಂಡಿಕೇಟರಿನ ಕಡ್ಡಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಟಿಕ್ ಟಿಕ್ ನಿಂತಿತು.

ಗಾಡಿ ನೇರ ಹೋಯಿತು. ಬಡಗಿಗೆ ಮೊದಲು ಆದದ್ದು ನಿರಾಳ. ದೊಡ್ಡ ಹೊರೆ ಇಳಿಸಿದ ಹಾಗೆ ಉಸಿರು ಹೊರಬಿತ್ತು. ಆ ನಿರಾಳದ ಬಗ್ಗೆ ಅವನಿಗಾದ ನಾಚಿಕೆ ಎಷ್ಟಿತ್ತೆಂದರೆ, ಮನೆ ಮುಟ್ಟುವ ತನಕ ಮಗನ ಕಡೆ ಕಣ್ಣು ಹಾಯಿಸಲಿಲ್ಲ. ಹದಿಹರೆಯದ ಹುಡುಗ, ಅವನು ಬೇಡ ಎಂದಾನು. ದೊಡ್ಡವನೆನ್ನಿಸಿಕೊಂಡ ತಾನು ತಿರುಗಿಸಬೇಕಿತ್ತು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಚೌಕವನ್ನೂ ದಾಟಿದ, ಅದರ ಮುಂದಿನದನ್ನೂ ದಾಟಿದ.

ಮನೆಯ ಮುಂದೆ ಹೆಂಡತಿ ಪೈಪು ಹಿಡಿದು ವ್ಯಾನ್ ತೊಳೆಯುತ್ತಿದ್ದಳು. ಕಾಲು ಒದ್ದೆ, ತಲೆಗೂದಲೂ ಅರ್ಧ ಒದ್ದೆ. ಗಾಡಿ ನಿಲ್ಲುವ ಮೊದಲೇ ಕೂಗಿದಳು.

"ಏನಾಯ್ತೋ?"

"ತಗೊಂಡ್ರು," ಎಂದ ಗುಬ್ಬಿ ಇಳಿಯುತ್ತ.

ಅವಳು ಅಲ್ಲಿಂದಲೇ ಗಂಡನನ್ನು ನೋಡಿದಳು. ಮಗನನ್ನು ತಬ್ಬಿಕೊಳ್ಳಲು ಓಡಿಬರಬೇಕಾದವಳು ಪೈಪು ಹಿಡಿದುಕೊಂಡೇ ನಿಂತಳು. "ನೀವು ಹೇಳಿದ್ರಾ?"

ಬಡಗಿ ಎರಡೂ ಕೈಯನ್ನು ಜೇಬಿಗೆ ಹಾಕಿದ. ಬಾಯಿ ತೆರೆದ. ಇಲ್ಲ ಎಂದೇ ಹೇಳುವವನಿದ್ದ, ಇವಳ ಮುಂದಾದರೂ ಹೇಳಿಬಿಡುವವನ ಹಾಗೇ ಇದ್ದ. ಅಷ್ಟರಲ್ಲಿ ಪಕ್ಕದಿಂದ ಮಾತು ಬಂತು.

"ಹೇಳ್ದ ಅಮ್ಮಾ. ಎಲ್ಲಾ ಹೇಳ್ದ."

"ಹೇಳಿದ ಮೇಲೂ ತಗೊಂಡ್ರಾ?"

"ಹೂಂ."

ಪೈಪು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. "ನಾನೇನಂದೆ!" ಎಂದು ಗಂಡನಿಗೆ ಹೇಳುತ್ತಲೇ ಓಡಿಬಂದು, ಒದ್ದೆ ಕೈಯಲ್ಲೇ ಮಗನ ಮುಖ ಹಿಡಿದು, ಹಣೆ ನೆತ್ತಿ ಎಲ್ಲ ಸವರಿದಳು. "ನಾನೇನಂದೆ ನಿಮಗೆ? ಸುಮ್ನೆ ಹೆದರಿ ಸಾಯ್ತಿದ್ರಿ. ಹುಡುಗನ ಆಟ ನೋಡಿ ತಗೋತಾರೆ ಕಣ್ರೀ, ಅಪ್ಪನ ಉದ್ದ ನೋಡಿ ಅಲ್ಲ. ನನ್ನ ಬಂಗಾರ! ಗೆದ್ದೆ ಅಂದ್ರೆ ಇದು ಗೆದ್ದದ್ದು! ಪಾಪ, ಆ ಅಂಟುಗೆ ಬೇಜಾರಾಗಿರುತ್ತೆ. ಅವರಮ್ಮನ ಹತ್ರ ನಾನು ಮಾತಾಡ್ತೀನಿ, ನಮ್ಮ ಕಡೆಯಿಂದ ಏನೂ ಮುಚ್ಚಿಡಲಿಲ್ಲ ಅಂತ ಧೈರ್ಯವಾಗಿ ಹೇಳಬಹುದಲ್ಲ. ಅಲ್ವೇನೋ?"

ಬಡಗಿ ನೆಲ ನೋಡುತ್ತ ನಿಂತಿದ್ದ. ಪೈಪಿನ ನೀರು ಹರಿದು ಬಂದು ಅವನ ಬೂಟನ್ನು ಸುತ್ತುತ್ತಿತ್ತು.

"ಅಲ್ವೇನೋ ಗುಬ್ಬಿ?" ಎಂದು ಅವಳು ನಗುತ್ತ ಮತ್ತೆ ಕೇಳಿದಳು.

"ಹೂಂ ಅಮ್ಮಾ," ಎಂದ ಗುಬ್ಬಿ. ಅವನ ಬಲಗೈ ಮೇಲಕ್ಕೆ ಹೋಯಿತು. ಬೆರಳುಗಳು ಕಿವಿಯ ಹಿಂದೆ, ಯಾವತ್ತೂ ಏನೂ ಇಟ್ಟಿರದ ಜಾಗದಲ್ಲಿ, ಏನನ್ನೋ ತಡಕಾಡಿದವು.